ಗಿಟಾರ್ ಯಾಕೆ ಹಿಂಗೆ ಅಳುತ್ತೆ?

ಪ್ರಶ್ನೆ: ಸಾರ್, ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಅವರ ‘ಟೆಕ್ಸಾಸ್ ಫ್ಲಡ್’ ಆಲ್ಬಮ್ ಸಿಕ್ಕಿದ್ಮೇಲೆ ಎರಡು ವಾರದಿಂದ ಬೇರೇನೂ ಕೇಳ್ತಿಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬಸ್ಸಲ್ಲಿ ನಿಂತ್ಕೊಂಡೇ ಪೂರ್ತಿ ಮುಗಿಸ್ತೀನಿ. ಅಮ್ಮ ಮಾತ್ರ ‘ಯಾಕೋ ಆ ಗಿಟಾರ್ ಅಳ್ತಾನೇ ಇದೆ’ ಅಂತಾರೆ. ಇದೇನ್ ಹುಚ್ಚಾ?
– ಓದುಗ, ಜಯನಗರ

ಉತ್ತರ: ಹುಚ್ಚೇ ಕಣ್ರೀ, ನಂಗೂ ಇದೆ! ಆದ್ರೆ ನಿಮ್ಮಮ್ಮನ ಕಿವಿ ನಿಮಗಿಂತ ಶಾರ್ಪು. ಬ್ಲೂಸಲ್ಲಿ (ಅಮೆರಿಕದ ಕಪ್ಪು ಜನರಿಂದ ಹುಟ್ಟಿದ ಸಂಗೀತ) ಸ್ವರನ ಸುಮ್ನೆ ಒತ್ತಿ ಬಿಡಲ್ಲ, ತಂತಿನ ಬೆರಳಲ್ಲೇ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸ್ತಾರೆ, ನಮ್ಮ ವೀಣೆ ಗಮಕದ ದಾಯಾದಿ ಅನ್ಕೊಳ್ಳಿ, ಅದಕ್ಕೇ ಮನುಷ್ಯನ ಗಂಟಲು ಬಿಕ್ಕಿದಂಗೆ ಕೇಳ್ಸೋದು. ಬ್ಲೂಸಲ್ಲಿ ಜಾಸ್ತಿ ಬಳಸೋ ಮೈನರ್ ಪೆಂಟಟಾನಿಕ್ ಅನ್ನೋ ಐದು ಸ್ವರದ ಸ್ಕೇಲ್ ಇದ್ಯಲ್ಲ, ಅದ್ರ ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದ್ದೇ. ರಾಮನವಮಿ ಪೆಂಡಾಲಲ್ಲಿ ಕೋಸಂಬರಿ ತಿಂತಾ ಕಚೇರಿ ಕೇಳಿದ ಕಿವಿಗೆ ಪರಿಚಯ ಅನ್ಸದೇ ಇರುತ್ತಾ?

ಇನ್ನು ವಾನ್ ವಿಷಯ. ತುಂಬಾ ಜನ 9 ಇಲ್ಲಾ 10ರ ತೆಳು ತಂತಿ (ನಂಬರ್ ಅಂದ್ರೆ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿದ್ರೆ ಈ ಪುಣ್ಯಾತ್ಮ ದಪ್ಪ 13ರದ್ದು ಹಾಕ್ಕೊಂಡು, ಶ್ರುತಿ ಅರ್ಧ ಸ್ವರ ಇಳಿಸಿ, ಅದನ್ನೂ ಎಳೀತಿದ್ರು. (ನಾನು ಒಂದ್ಸಲ ಟ್ರೈ ಮಾಡಿ ಎರಡು ದಿನ ತುತ್ತು ಕಲಸೋಕೂ ಒದ್ದಾಡಿದೀನಿ.) ಆಲ್ಬಮ್ ರೆಕಾರ್ಡ್ ಆಗಿದ್ದು 1982ರಲ್ಲಿ, ಲಾಸ್ ಏಂಜಲೀಸಲ್ಲಿ ಗಾಯಕ ಜಾಕ್ಸನ್ ಬ್ರೌನ್ ಅವರ ಸ್ಟುಡಿಯೋದಲ್ಲಿ, ಮೂರೇ ದಿನದಲ್ಲಿ, ಮೂರೇ ಜನ ಒಟ್ಟಿಗೆ ನುಡಿಸಿ. ರಿಲೀಸ್ 1983. ಮುಂದಿನ ಸಲ ಕೊನೇ ಹಾಡು ‘ಲೆನ್ನಿ’ನ ಅಮ್ಮಂಗೆ ಕೇಳಿಸಿ, ಮಾತಿಲ್ಲ, ಬರೀ ಗಿಟಾರು, ರಾತ್ರಿ ಊಟ ಆದ್ಮೇಲೆ, ವಾಲ್ಯೂಮ್ ಕಮ್ಮಿ ಇಟ್ಟು.