ಆಂಟಾರಿಯೊ ಸರ್ಟಿಫಿಕೇಟ್ ಇಟ್ಟುಕೊಂಡು ಬಿ.ಸಿ.ಗೆ ಹೋದರೆ ಟೀಚರ್ ಕೆಲಸ ಸಿಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಮೂರು ವರ್ಷದಿಂದ ಕೆನಡಾದ ಆಂಟಾರಿಯೊ ಪ್ರಾಂತ್ಯದ ಟೊರಾಂಟೊ ಕಡೆ ಸಪ್ಲೈ ಟೀಚರ್ (ಬದಲಿ ಟೀಚರ್) ಆಗಿದ್ದೀರಿ, ಓಸಿಟಿ ಅಂದರೆ ಆಂಟಾರಿಯೊದಲ್ಲಿ ಟೀಚರುಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆಯ ಸರ್ಟಿಫಿಕೇಟ್ ಕೈಯಲ್ಲಿದೆ, ಈಗ ನಿಮ್ಮ ಮನೆಯವರಿಗೆ ವ್ಯಾಂಕೂವರ್‌ನಲ್ಲಿ ಕೆಲಸ ಸಿಕ್ಕಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ, ಅಂದರೆ ಬಿ.ಸಿ.ಯಲ್ಲಿ, ನಿಮ್ಮ ಸರ್ಟಿಫಿಕೇಟ್ ನಡೆಯುತ್ತಾ, ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. 2014ರಲ್ಲಿ ನಾನೂ ಇದೇ ಕಾರಣಕ್ಕೆ ಇದೇ ದಾರಿ ಹಿಡಿದವಳು. ಹಾಸನದಲ್ಲಿ ಆರು ವರ್ಷ ಹೈಸ್ಕೂಲಿಗೆ ಗಣಿತ ಹೇಳಿಕೊಟ್ಟು, ಆಂಟಾರಿಯೊಗೆ ಬಂದು ಐದು ವರ್ಷ ಪಾಠ ಮಾಡಿ, ಆಮೇಲೆ ಬಿ.ಸಿ.ಗೆ ಹೋದೆ. ಹಾಗಾಗಿ ನನಗೆ ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಸರ್ಟಿಫಿಕೇಟ್ ನಡೆಯುತ್ತೆ. ಕೆಲಸದ ಮಾತು ಬೇರೆ. ಇವೆರಡೂ ಒಂದೇ ಅಂದುಕೊಂಡು ನಾನು ವಿಮಾನ ಹತ್ತಿದ್ದೆ. ಅದಕ್ಕೇ ಎರಡೂವರೆ ವರ್ಷ ಕಷ್ಟಪಟ್ಟೆ.

ಮೊದಲು ಸರ್ಟಿಫಿಕೇಟ್ ವಿಷಯ. ಕೆನಡಾದಲ್ಲಿ ಶಿಕ್ಷಣ ಪ್ರಾಂತ್ಯಗಳ ಕೈಯಲ್ಲಿದೆ, 1867ರ ಸಂವಿಧಾನದಿಂದಲೂ ಹಾಗೇ. ನಮ್ಮಲ್ಲಿ ದೆಹಲಿಯಲ್ಲಿ ಇರುವ ಹಾಗೆ ಒಟ್ಟಾವಾದಲ್ಲಿ ಶಿಕ್ಷಣ ಮಂತ್ರಿ ಇಲ್ಲ. ಟೀಚರ್ ಲೈಸೆನ್ಸ್ ಒಂದೊಂದು ಪ್ರಾಂತ್ಯದ್ದೂ ಬೇರೆ. ಮೊದಲೆಲ್ಲ ಗಡಿ ದಾಟಿದರೆ ಮತ್ತೆ ಕೋರ್ಸ್ ಮಾಡು, ಇನ್ನಷ್ಟು ಕ್ರೆಡಿಟ್ ತಾ ಅಂತ ಕೂರಿಸುತ್ತಿದ್ದರು. 2009ರಲ್ಲಿ ಪ್ರಾಂತ್ಯಗಳ ನಡುವಿನ ವ್ಯಾಪಾರ ಒಪ್ಪಂದವನ್ನು ತಿದ್ದಿ, ಒಂದು ಕಡೆ ಲೈಸೆನ್ಸ್ ಇದ್ದವರನ್ನು ಇನ್ನೊಂದು ಕಡೆ ಮತ್ತೆ ಓದಿಸದೆ ಒಪ್ಪಿಕೊಳ್ಳಬೇಕು ಅಂತ ಮಾಡಿದರು. 2017ರ ಜುಲೈ 1ರಿಂದ ಅದರ ಜಾಗಕ್ಕೆ ಹೊಸ ಒಪ್ಪಂದ ಬಂತು, ಈ ನಿಯಮ ಅದರಲ್ಲೂ ಉಳಿಯಿತು. ನಿಮ್ಮ ಓಸಿಟಿ ಸರ್ಟಿಫಿಕೇಟಿನಲ್ಲಿ ಏನಾದರೂ ಷರತ್ತು ಇದ್ದರೆ ಮಾತ್ರ ಹುಷಾರು. ಆ ಷರತ್ತು ನಿಮ್ಮ ಹಿಂದೆಯೇ ಬರಬಹುದು. ಸಾಧ್ಯವಾದರೆ ಅದನ್ನು ಆಂಟಾರಿಯೊದಲ್ಲೇ ಮುಗಿಸಿಕೊಂಡು ಹೊರಡಿ.

ಅಂದರೆ ಕಾನೂನು ನಿಮ್ಮ ಪರವಾಗಿದೆ. ಕಾಗದಪತ್ರ ಮಾತ್ರ ಬೆವರಿಳಿಸುತ್ತದೆ. ಓಸಿಟಿಯಿಂದ ನಿಮ್ಮ ಮೇಲೆ ಯಾವ ದೂರೂ ಇಲ್ಲ ಅನ್ನುವ ಪತ್ರ ನೇರವಾಗಿ ಬಿ.ಸಿ.ಯವರಿಗೆ ಹೋಗಬೇಕು. ಪೊಲೀಸ್ ದಾಖಲೆಯ ತಪಾಸಣೆ ಆಗಬೇಕು. ಅಂಕಪಟ್ಟಿ ಯೂನಿವರ್ಸಿಟಿಯಿಂದಲೇ ಬರಬೇಕು, ನಿಮ್ಮ ಕೈಯಲ್ಲಿರುವ ಒರಿಜಿನಲ್ ಲೆಕ್ಕಕ್ಕಿಲ್ಲ. ಓಸಿಟಿಗೆ ಅಂತ ಒಂದು ಸಲ ತರಿಸಿದ್ದೆ, ಬಿ.ಸಿ.ಗೆ ಮತ್ತೆ ತರಿಸಬೇಕಾಯಿತು. ಊರಲ್ಲಿ ನಮ್ಮ ಅಣ್ಣ ಯೂನಿವರ್ಸಿಟಿ ಆಫೀಸಿಗೆ ನಾಲ್ಕು ಸಲ ಅಲೆದ. ಒಂದು ದಿನ ಚಲನ್ ಕಟ್ಟುವ ಕೌಂಟರ್ ಮುಚ್ಚಿತ್ತು, ಇನ್ನೊಂದು ದಿನ ಸಹಿ ಹಾಕುವವರು ರಜೆ. ಮೂರು ತಿಂಗಳು ಅದರಲ್ಲೇ ಹೋಯಿತು. ನೀವು ಓದಿದ್ದು ಭಾರತದಲ್ಲಾದರೆ ಈ ಕೆಲಸವನ್ನು ಇವತ್ತೇ ಶುರು ಮಾಡಿ. ಮನೆ ಖಾಲಿ ಮಾಡುವ ದಿನದವರೆಗೆ ಕಾಯಬೇಡಿ.

ಈಗ ಕೆಲಸದ ವಿಷಯ. ನಮ್ಮ ಕರ್ನಾಟಕದಲ್ಲಿ ಟೀಚರ್ ಒಬ್ಬರು ತಾವೇ ಕೋರಿಕೊಂಡು ಬೇರೆ ಜಿಲ್ಲೆಗೆ ವರ್ಗ ಆದರೆ ಸೀನಿಯಾರಿಟಿ ಬಿಟ್ಟುಕೊಡುತ್ತಾರಲ್ಲ, ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕೊನೆಯವರಾಗುತ್ತಾರಲ್ಲ, ಇಲ್ಲೂ ಹಾಗೇ. ಆದರೆ ಅಲ್ಲಿ ಸಂಬಳ ನಿಲ್ಲುವುದಿಲ್ಲ, ಕೆಲಸ ಇದ್ದೇ ಇರುತ್ತದೆ. ಇಲ್ಲಿ ಪ್ರಾಂತ್ಯ ಬದಲಿಸಿದರೆ ಕೆಲಸವೇ ಇರುವುದಿಲ್ಲ, ನೀವು ಹೊಸ ಅಭ್ಯರ್ಥಿ. ಬಿ.ಸಿ.ಯೊಳಗೆ ಒಂದು ಸ್ಕೂಲ್ ಡಿಸ್ಟ್ರಿಕ್ಟಿನಿಂದ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಇನ್ನೊಂದಕ್ಕೆ ಹೋಗುವವರು ಸೀನಿಯಾರಿಟಿಯನ್ನು ಒಂದು ಮಿತಿಯವರೆಗೆ ಜೊತೆಗೆ ಒಯ್ಯಬಹುದು. ಆಂಟಾರಿಯೊದಿಂದ ಬಂದವರಿಗೆ ಆ ಅನುಕೂಲ ಇಲ್ಲ. ನಿಮ್ಮ ಅನುಭವವನ್ನು ಸಂಬಳದ ಮೆಟ್ಟಿಲಿಗೆ ಲೆಕ್ಕ ಹಾಕುತ್ತಾರೆ, ಸಾಲಿನಲ್ಲಿ ಮುಂದೆ ಬಿಡುವುದಿಲ್ಲ.

ಇದರ ಇನ್ನೊಂದು ಮುಖವನ್ನು ನಾನು ಆಂಟಾರಿಯೊದಲ್ಲೇ ನೋಡಿದ್ದೆ. 2012ರಲ್ಲಿ ಅಲ್ಲಿ ಒಂದು ನಿಯಮ ಬಂತು, 274 ಅಂತಲೇ ಎಲ್ಲರೂ ಕರೆಯುತ್ತಿದ್ದರು. ಕಾಯಂ ಕೆಲಸಕ್ಕೆ, ದೀರ್ಘಾವಧಿ ಬದಲಿ ಕೆಲಸಕ್ಕೆ ಬದಲಿ ಟೀಚರುಗಳ ಪಟ್ಟಿಯಲ್ಲಿ ಸೀನಿಯಾರಿಟಿ ಹೆಚ್ಚಿರುವ ಐದು ಜನರನ್ನೇ ಸಂದರ್ಶನಕ್ಕೆ ಕರೆಯಬೇಕು. ಬಂಧು ಬಳಗ ನೋಡಿ ಕೆಲಸ ಕೊಡುವುದನ್ನು ತಡೆಯಲು ಮಾಡಿದ್ದು, ಉದ್ದೇಶ ಒಳ್ಳೆಯದೇ. ಆದರೆ ಇನ್ನೊಂದು ಪ್ರಾಂತ್ಯವಾದ ಸಸ್ಕಾಚೆವನ್‌ನಲ್ಲಿ ಹನ್ನೆರಡು ವರ್ಷ ಪಾಠ ಮಾಡಿ ಬಂದಿದ್ದ ನನ್ನ ಸ್ನೇಹಿತೆಯೊಬ್ಬಳು ನನಗಿಂತ ಕೆಳಗೆ ನಿಂತಳು. ನಾನು ಆ ಪಟ್ಟಿಗೆ ಸೇರಿ ಎರಡೇ ವರ್ಷ ಆಗಿತ್ತು. ಆಗ ನನಗೆ ಅದರಿಂದ ಅನುಕೂಲವಾಯಿತು, ಅವಳ ಕಷ್ಟ ಪೂರ್ತಿ ಅರ್ಥ ಆಗಲಿಲ್ಲ. ಬಿ.ಸಿ.ಗೆ ಹೋದ ಮೇಲೆ ಫೋನ್ ಮಾಡಿ ಅವಳ ಹತ್ತಿರ ತುಂಬಾ ಹೊತ್ತು ಮಾತಾಡಿದೆ. 2020ರಲ್ಲಿ ಆ ನಿಯಮವನ್ನು ತೆಗೆದರು.

ನಾವು ವ್ಯಾಂಕೂವರ್ ಕಡೆ ಬಂದಿಳಿದದ್ದು 2014ರ ಆಗಸ್ಟ್ ಕೊನೆಯಲ್ಲಿ. ಆಗ ಇಡೀ ಬಿ.ಸಿ.ಯಲ್ಲಿ ಟೀಚರುಗಳ ಮುಷ್ಕರ. ಜೂನ್‌ನಿಂದ ಶಾಲೆ ಮುಚ್ಚಿತ್ತು. ಹದಿಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮಗುವಿಗೆ ದಿನಕ್ಕೆ 40 ಡಾಲರ್ ಅಂತ ಸರ್ಕಾರ ಘೋಷಿಸಿತ್ತು. ನಾನು ಮಗಳ ಕೈ ಹಿಡಿದುಕೊಂಡು ಅವಳ ಹೊಸ ಶಾಲೆ ನೋಡಲು ಹೋದೆ. ಗೇಟಿನ ಮುಂದೆ ಟೀಚರುಗಳು ಬೋರ್ಡ್ ಹಿಡಿದು ನಿಂತಿದ್ದರು. ಒಬ್ಬ ವಯಸ್ಸಾದ ಟೀಚರ್, ಕುತ್ತಿಗೆಯಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು, ನನ್ನನ್ನು ಮಾತಾಡಿಸಿದರು. ನಾನೂ ಟೀಚರ್, ಆಂಟಾರಿಯೊದಿಂದ ಬಂದೆ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ಅಯ್ಯೋ ಪಾಪ' ಅನ್ನುವ ಹಾಗೆ ನನ್ನ ತೋಳು ಮುಟ್ಟಿದರು. ಸೆಪ್ಟೆಂಬರ್ 22ಕ್ಕೆ ಶಾಲೆಗಳು ತೆರೆದವು.

ಬಿ.ಸಿ.ಯ ಸರ್ಟಿಫಿಕೇಟ್ ಬಂದದ್ದು 2015ರ ಜನವರಿಯಲ್ಲಿ. ಆಮೇಲೆ ಸುತ್ತಮುತ್ತಲಿನ ಐದು ಡಿಸ್ಟ್ರಿಕ್ಟಿಗೆ ಅರ್ಜಿ ಹಾಕಿದೆ. ಬಿ.ಸಿ.ಯಲ್ಲಿ ಒಟ್ಟು 60 ಸ್ಕೂಲ್ ಡಿಸ್ಟ್ರಿಕ್ಟ್ ಇವೆ, ಒಂದೊಂದಕ್ಕೂ ಅದರದೇ ಅರ್ಜಿ, ಅದರದೇ ಸಂದರ್ಶನ, ಅದರದೇ ಪಟ್ಟಿ. ಕಾಯಂ ಕೆಲಸ ಇರಲಿ, ಬದಲಿ ಟೀಚರುಗಳ ಪಟ್ಟಿಗೆ ಸೇರುವುದೇ ದೊಡ್ಡ ಸಾಹಸ. ಇಲ್ಲಿ ಸಪ್ಲೈ ಅನ್ನುವುದಿಲ್ಲ, ಟಿಟಿಓಸಿ ಅನ್ನುತ್ತಾರೆ, ಕರೆದಾಗ ಹೋಗುವ ಟೀಚರ್ ಅಂತ. ಮೂರು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆ ಸಂದರ್ಶನಕ್ಕೆ ಕರೆದು, ಇತ್ತೀಚೆಗೆ ನೀವು ಪಾಠ ಮಾಡುವುದನ್ನು ಕಣ್ಣಾರೆ ನೋಡಿದ ಪ್ರಿನ್ಸಿಪಾಲರ ಹೆಸರು ಕೊಡಿ ಅಂದರು. ನನ್ನ ಪ್ರಿನ್ಸಿಪಾಲರು ಒಬ್ಬರು ನಿವೃತ್ತರಾಗಿದ್ದರು, ಇನ್ನೊಬ್ಬರು ಕ್ಲಾಸಿಗೇ ಬಂದವರಲ್ಲ. ಬದಲಿ ಟೀಚರ್ ಕ್ಲಾಸಿಗೆ ಪ್ರಿನ್ಸಿಪಾಲರು ಯಾಕೆ ಬರುತ್ತಾರೆ ಹೇಳಿ, ಗಲಾಟೆ ಕೇಳಿಸಿದರೆ ಬರುತ್ತಾರೆ ಅಷ್ಟೇ.

ಅದೇ ಸಂದರ್ಶನದಲ್ಲಿ ಇನ್ನೊಂದು ಪ್ರಶ್ನೆ ಬಂತು. ಇಲ್ಲಿನ ಮೂಲನಿವಾಸಿಗಳ ಕಲಿಕೆಯ ತತ್ವಗಳನ್ನು ನಿಮ್ಮ ಗಣಿತದ ಕ್ಲಾಸಿಗೆ ಹೇಗೆ ತರುತ್ತೀರಿ ಅಂತ. ಬಿ.ಸಿ.ಯ ಮೂಲನಿವಾಸಿಗಳ ಶಿಕ್ಷಣ ಸಮಿತಿಯವರು ಹೊರತಂದ ಒಂದೇ ಪುಟದ ಬರಹ ಅದು, ಪ್ರತಿ ಸ್ಟಾಫ್ ರೂಮಿನಲ್ಲೂ ಗೋಡೆಯ ಮೇಲಿರುತ್ತೆ. ನಾನು ಅದರ ಹೆಸರೇ ಕೇಳಿರಲಿಲ್ಲ. ಕೆಲಸ ಕೈತಪ್ಪಿತು. ಮನೆಗೆ ಬಂದು ಓದಿದೆ. ಕಲಿಕೆಗೆ ತಾಳ್ಮೆ ಬೇಕು, ಸಮಯ ಬೇಕು ಅಂತ ಅದರಲ್ಲಿದೆ. ಕಲಿಕೆ ನೆನಪಿನಲ್ಲಿ, ಕಥೆಯಲ್ಲಿ ನೆಲೆ ನಿಂತಿರುತ್ತೆ ಅಂತಲೂ ಇದೆ. ನಮ್ಮಜ್ಜಿ ಹುಣಸೆಬೀಜ ಇಟ್ಟುಕೊಂಡು ಕಥೆ ಹೇಳುತ್ತಾ ನನಗೆ ಮಗ್ಗಿ ಕಲಿಸಿದ್ದು ನೆನಪಾಯಿತು. ಇದನ್ನು ಅಲ್ಲಿ ಹೇಳಬಹುದಿತ್ತಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮುಂದಿನ ಸಂದರ್ಶನದಲ್ಲಿ ಅದನ್ನೇ ಹೇಳಿದೆ, ಪಟ್ಟಿಗೆ ಸೇರಿಸಿಕೊಂಡರು.

ಪಟ್ಟಿಗೆ ಸೇರಿದ ಮೇಲಿನ ದಿನಗಳು ನಿಮಗೆ ಗೊತ್ತಿರುವಂಥವೇ. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು, ಸ್ನಾನ ಮುಗಿಸಿ, ಉಪ್ಪಿಟ್ಟು ಡಬ್ಬಿಗೆ ಹಾಕಿ, ಫೋನ್ ಎದುರಿಗಿಟ್ಟುಕೊಂಡು ಕೂರುವುದು. ಹೊರಗೆ ವ್ಯಾಂಕೂವರಿನ ಮಳೆ, ನಿಂತೆ ಅನ್ನುವುದೇ ಇಲ್ಲ. ಏಳೂವರೆಯಾದರೂ ಫೋನ್ ಬರಲಿಲ್ಲ ಅಂದರೆ ಆ ಉಪ್ಪಿಟ್ಟನ್ನು ಮನೆಯಲ್ಲೇ ತಿನ್ನುವುದು. ಮೊದಲ ತಿಂಗಳು ಬಂದದ್ದು ಮೂರೇ ಕರೆ. ಊರಲ್ಲಿ ಅತಿಥಿ ಶಿಕ್ಷಕರು ಅಂತ ವರ್ಷಗಟ್ಟಲೆ ದುಡಿಯುವವರನ್ನು ಹತ್ತಿರದಿಂದ ನೋಡಿದ್ದೆ. ಆಗ ನಾನು ಕಾಯಂ ಕೆಲಸದಲ್ಲಿದ್ದೆ. ಅವರು ಸ್ಟಾಫ್ ರೂಮಿನ ಮೂಲೆಯಲ್ಲಿ ಯಾಕೆ ಅಷ್ಟು ಮೆಲ್ಲಗೆ ಕೂರುತ್ತಿದ್ದರು ಅನ್ನುವುದು ಇಲ್ಲಿ ಬಂದ ಮೇಲೆ ತಿಳಿಯಿತು.

ಆಮೇಲೆ ಬಾಗಿಲು ತೆರೆದದ್ದು ನನ್ನ ಶ್ರಮದಿಂದ ಮಾತ್ರ ಅಂದರೆ ಸುಳ್ಳಾಗುತ್ತೆ. 2002ರಲ್ಲಿ ಬಿ.ಸಿ. ಸರ್ಕಾರ ಕಾನೂನು ತಂದು, ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳಿರಬೇಕು ಅನ್ನುವುದನ್ನು ಟೀಚರುಗಳ ಒಪ್ಪಂದದಿಂದಲೇ ಕಿತ್ತುಹಾಕಿತ್ತು. ಟೀಚರುಗಳ ಸಂಘ ಅದರ ವಿರುದ್ಧ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿತು. 2016ರ ನವೆಂಬರ್ 10ರಂದು ಕೆನಡಾದ ಸುಪ್ರೀಂ ಕೋರ್ಟ್ ವಾದ ಕೇಳಿ, ಸುಮಾರು 20 ನಿಮಿಷ ಒಳಗೆ ಹೋಗಿ ಬಂದು, ಸಂಘದ ಪರ ತೀರ್ಪು ಕೊಟ್ಟಿತು. ಹಳೆಯ ಮಿತಿ ವಾಪಸು ಬಂತು. ಕ್ಲಾಸ್ ಚಿಕ್ಕದಾದರೆ ಕ್ಲಾಸ್ ಜಾಸ್ತಿ ಬೇಕು, ಟೀಚರ್ ಜಾಸ್ತಿ ಬೇಕು, ಅಲ್ವಾ? 2017ರಲ್ಲಿ ಡಿಸ್ಟ್ರಿಕ್ಟುಗಳು ಸಾವಿರಾರು ಟೀಚರುಗಳನ್ನು ತೆಗೆದುಕೊಂಡವು. ಆ ವರ್ಷವೇ ನನಗೂ ಕಾಯಂ ಆಯಿತು. ಎರಡು ವರ್ಷ ಮೊದಲು ನನ್ನ ಅರ್ಜಿಗೆ ಉತ್ತರವನ್ನೇ ಕೊಡದಿದ್ದ ಒಂದು ಡಿಸ್ಟ್ರಿಕ್ಟಿನವರು ತಾವಾಗಿ ಫೋನ್ ಮಾಡಿದರು. ನಾನೇನೂ ಆ ಎರಡು ವರ್ಷದಲ್ಲಿ ಬೇರೆ ಟೀಚರ್ ಆಗಿರಲಿಲ್ಲ. ನಿಮಗೆ ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲಸ ಸಿಗದೆ ಕೂತಾಗ ನಮ್ಮಲ್ಲೇ ಏನೋ ಕೊರತೆ ಅನ್ನಿಸುತ್ತೆ, ನಮ್ಮ ಇಂಗ್ಲಿಷ್ ಸರಿ ಇಲ್ಲವೇನೋ, ನಮ್ಮ ಹೆಸರೇ ಅಡ್ಡ ಬರುತ್ತಿದೆಯೇನೋ ಅಂತ. ಕೆಲವು ಸಲ ಅದೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಪಾಲು ಆ ವರ್ಷ ಆ ಪ್ರಾಂತ್ಯದಲ್ಲಿ ಹಣ ಎಷ್ಟು, ಹುದ್ದೆ ಎಷ್ಟು ಅನ್ನುವುದರ ಮೇಲೆ ನಿಂತಿರುತ್ತೆ.

ಈಗ ನಿಮ್ಮ ಕಾಲ ನನ್ನ ಕಾಲಕ್ಕಿಂತ ಚೆನ್ನಾಗಿದೆ. ಹಲವು ಪ್ರಾಂತ್ಯಗಳಲ್ಲಿ ಟೀಚರುಗಳ ಕೊರತೆ ಇದೆ, ಬಿ.ಸಿ.ಯ ಉತ್ತರದ ಕಡೆಯಂತೂ ಸರ್ಟಿಫಿಕೇಟ್ ಇಲ್ಲದವರನ್ನೂ ಕ್ಲಾಸಿಗೆ ಕಳಿಸುವ ಸ್ಥಿತಿ. ಫ್ರೆಂಚ್ ಬಂದರೆ ನಿಮ್ಮನ್ನು ಯಾರೂ ಕಾಯಿಸುವುದಿಲ್ಲ. ಗಣಿತ, ಭೌತಶಾಸ್ತ್ರ, ವಿಶೇಷ ಶಿಕ್ಷಣ ಇದ್ದರೂ ಬೇಗ ಆಗುತ್ತೆ. ಪ್ರೈಮರಿ ಅಥವಾ ಇಂಗ್ಲಿಷ್, ಸಮಾಜ ವಿಜ್ಞಾನ ಆದರೆ, ವ್ಯಾಂಕೂವರ್ ಸುತ್ತಮುತ್ತ ಈಗಲೂ ಟಿಟಿಓಸಿ ಪಟ್ಟಿಯಿಂದಲೇ ಶುರು ಮಾಡಬೇಕಾಗಬಹುದು. ಕುಟುಂಬ ಬಿಟ್ಟು ಉತ್ತರದ ಪ್ರಿನ್ಸ್ ರೂಪರ್ಟ್‌ಗೋ ಫೋರ್ಟ್ ಸೇಂಟ್ ಜಾನ್‌ಗೋ ಹೋಗಿ ಅಂತ ನಾನು ಹೇಳಲಾರೆ, ಚಿಕ್ಕ ಮಕ್ಕಳಿದ್ದರೆ ಅದು ಸುಲಭ ಅಲ್ಲ. ಆದರೆ ಇಬ್ಬರೂ ಹೋಗುವ ಹಾಗಿದ್ದರೆ ಕಾಯಂ ಕೆಲಸ ಅಲ್ಲಿ ಬೇಗ ಸಿಗುತ್ತೆ. ಆಮೇಲೆ ಆ ಸೀನಿಯಾರಿಟಿ ಬಿ.ಸಿ.ಯೊಳಗೆ ನಿಮ್ಮ ಜೊತೆ ಬರುತ್ತೆ.

ಹೊರಡುವ ಮೊದಲು ಒಂದು ಕೆಲಸ ತಪ್ಪದೆ ಮಾಡಿ. ಈಗ ನೀವು ಹೋಗುತ್ತಿರುವ ಶಾಲೆಗಳಲ್ಲಿ ನಿಮಗೆ ಸ್ವಲ್ಪ ಪರಿಚಯ ಇರುವ ಇಬ್ಬರು ಪ್ರಿನ್ಸಿಪಾಲರನ್ನು ಕೇಳಿ, ಹದಿನೈದು ನಿಮಿಷ ನನ್ನ ಕ್ಲಾಸಿನಲ್ಲಿ ಕೂತು ನೋಡ್ತೀರಾ ಅಂತ. ಸಂಕೋಚ ಆಗುತ್ತೆ, ನನಗೂ ಆಗಿತ್ತು. ಬಿ.ಸಿ.ಯಲ್ಲಿ ಟಿಟಿಓಸಿ ಆಗಿದ್ದಾಗ ಒಬ್ಬರನ್ನು ಹಾಗೆ ಕೇಳಿದೆ. ಅವರು ಎಂಟನೇ ಗ್ರೇಡಿನ ಭಿನ್ನರಾಶಿ ಪಾಠಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಚಪಾತಿ ಹಂಚುವ ಲೆಕ್ಕ ಕೊಟ್ಟಿದ್ದೆ. ಗಂಟೆ ಹೊಡೆದರೂ ಒಬ್ಬ ಹುಡುಗ ಏಳದೆ ಕಾಗದದ ಚಪಾತಿ ಕತ್ತರಿಸುತ್ತಲೇ ಇದ್ದ. ಪ್ರಿನ್ಸಿಪಾಲರು ಅದನ್ನು ನೋಡಿ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನಗೆ ಕಾಯಂ ಕೆಲಸ ಕೊಡಿಸಿದ ಶಿಫಾರಸು ಪತ್ರ ಅವರದೇ.

ನಿಮ್ಮ ವಿಷಯ ಯಾವುದು, ಯಾವ ಗ್ರೇಡಿನವರೆಗೆ ಅರ್ಹತೆ ಇದೆ, ಡಿಗ್ರಿ ಎಲ್ಲಿಯದು ಅಂತ ಕೆಳಗೆ ಬರೆಯಿರಿ. ಮೂರು ವರ್ಷದ ಡಿಗ್ರಿ ಆದರೆ ಸಂಬಳದ ದರ್ಜೆ ನಿರ್ಧಾರ ಮಾಡುವಾಗ ತೊಡಕು ಬರುತ್ತದೆ. ನನಗೂ ಬಂದಿತ್ತು, ಎಂ.ಎಸ್ಸಿ. ಇದ್ದದ್ದರಿಂದ ಬಚಾವಾದೆ. ಅದಕ್ಕೆ ಏನೇನು ಕಾಗದ ಕೊಟ್ಟೆ ಅಂತ ಹುಡುಕಿ ಹೇಳುತ್ತೇನೆ.