ಮಯಲಿನ್ ಪೊರೆ ನಡುನಡುವೆ ತುಂಡಾಗಿರುವುದು ಯಾಕೆ?

ಪ್ರಶ್ನೆ: ನರದ ಮೇಲಿನ ಮಯಲಿನ್ ಪೊರೆ ವೈರಿನ ಪ್ಲಾಸ್ಟಿಕ್ ಹೊದಿಕೆ ಇದ್ದ ಹಾಗೆ ಅಂತ ಮಗಳ ಪಾಠದಲ್ಲಿದೆ. ಆದರೆ ಚಿತ್ರದಲ್ಲಿ ಪೊರೆ ಅಲ್ಲಲ್ಲಿ ತುಂಡಾಗಿದೆ. ಅಲ್ಲಿ ಕರೆಂಟ್ ಸೋರಿಹೋಗುವುದಿಲ್ಲವೇ?

ಉತ್ತರ: ಚಿತ್ರ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ಆ ಹೋಲಿಕೆಯಲ್ಲಿ.

ತಾಮ್ರದ ವೈರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ನರತಂತು ಅಷ್ಟು ಒಳ್ಳೆ ವೈರ್ ಅಲ್ಲ. ಒಳಗಿರುವುದು ಉಪ್ಪುನೀರಿನಂಥ ದ್ರವ, ಸುತ್ತಲಿನ ಗೋಡೆಯೋ ತೀರಾ ತೆಳು. ಹೊರಟ ಸಂಕೇತ ಸ್ವಲ್ಪ ದೂರದಲ್ಲೇ ಸೊರಗುತ್ತದೆ. ಹಾಗಾಗಿ ಪೊರೆಯಿಲ್ಲದ ನರತಂತು ದಾರಿಯುದ್ದಕ್ಕೂ ಅದನ್ನು ಹೊಸದಾಗಿ ಎಬ್ಬಿಸುತ್ತಲೇ ಇರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ವೇಗ ಸೆಕೆಂಡಿಗೆ 1 ಮೀಟರ್ ಆಸುಪಾಸು, ಅಂದರೆ ನಾವು ನಡೆಯುವಷ್ಟು!

ಮಯಲಿನ್ ಅಂದರೆ ಜಾಸ್ತಿ ಪಾಲು ಕೊಬ್ಬು. ಪಕ್ಕದ ಕೋಶ ಚಪ್ಪಟೆಯಾಗಿ ನರತಂತುವಿಗೆ ಬ್ಯಾಂಡೇಜ್ ಥರ ಸುತ್ತಿಕೊಳ್ಳುತ್ತದೆ, ಸುತ್ತಿನ ಮೇಲೆ ಸುತ್ತು. ಕೈಕಾಲಿನ ನರಗಳಲ್ಲಿ ಈ ಕೆಲಸ ಶ್ವಾನ್ ಕೋಶದ್ದು. ಒಂದು ಕೋಶಕ್ಕೆ ಒಂದೇ ತುಂಡು, ಹೆಚ್ಚೆಂದರೆ 1 ಮಿಲಿಮೀಟರ್ ಚಿಲ್ಲರೆ ಉದ್ದ. ಎರಡು ತುಂಡಿನ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಪುಸ್ತಕದವರು ಇದನ್ನು ಬೆರಳಗಲ ಬಿಡಿಸುತ್ತಾರೆ. ಪಾಪ, ಅಳತೆ ಪ್ರಕಾರ ಬಿಡಿಸಿದರೆ ಕಾಣುವುದೇ ಇಲ್ಲವಲ್ಲ. 19ನೇ ಶತಮಾನದ ಫ್ರೆಂಚ್ ವಿಜ್ಞಾನಿಯ ಹೆಸರಲ್ಲಿ ಇದಕ್ಕೆ ರಾನ್ವಿಯೇ ಗಂಟು ಅನ್ನುತ್ತಾರೆ.

ಪೊರೆ ಸುತ್ತಿದ ಕಡೆ ಸೋರಿಕೆ ಕಮ್ಮಿ, ಸಂಕೇತ ಸರ್ರನೆ ಸಾಗುತ್ತದೆ. ಆದರೂ ಕೊಂಚ ಸೊರಗುತ್ತದೆ. ಅಷ್ಟರಲ್ಲಿ ಸಂದು ಬರುತ್ತದೆ. ಅಲ್ಲಿನ ಗೋಡೆಯಲ್ಲಿ ಸೋಡಿಯಂ ಬಾಗಿಲುಗಳು ಒತ್ತೊತ್ತಾಗಿ ಕೂತಿವೆ. ಸಂಕೇತ ತಾಗಿದ್ದೇ ತಡ, ಅವು ತೆರೆಯುತ್ತವೆ. ಹೊರಗಿನ ಸೋಡಿಯಂ ಒಳಗೆ ನುಗ್ಗುತ್ತದೆ, ಸಂಕೇತಕ್ಕೆ ಮತ್ತೆ ಮೊದಲಿನ ಬಲ. ಸಂದೇ ಇಲ್ಲದೆ ಉದ್ದಕ್ಕೂ ಸುತ್ತಿದ್ದರೆ ಅದು ದಾರಿಯಲ್ಲೇ ಆರಿಹೋಗುತ್ತಿತ್ತು. ಈ ಏರ್ಪಾಟಿನಿಂದ ದಪ್ಪ ನರತಂತುಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ದಾಟುವುದೂ ಉಂಟು.

ಕಾಲ್ಬೆರಳು ಎಡವಿದಾಗ ಗಮನಿಸಿ. ತಾಗಿದ್ದು ಮೊದಲು ಗೊತ್ತಾಗುತ್ತದೆ. ಹಿಂದೆಯೇ ಚುರುಕ್ ಅನ್ನುತ್ತದೆ. ಒಂದೆರಡು ಸೆಕೆಂಡ್ ಬಿಟ್ಟು, ಹಲ್ಲು ಕಚ್ಚಿಸುವ ಉರಿ ನೋವು ಬರುತ್ತದೆ, ಅಲ್ವಾ? ಮೊದಲೆರಡು ಪೊರೆಯಿರುವ ನರತಂತುಗಳು ತಂದ ಸುದ್ದಿ. ಕೊನೆಯದು ಪೊರೆಯಿಲ್ಲದೆ ನಿಧಾನವಾಗಿ ನಡೆದು ಬಂದದ್ದು.

ನೀವು ಕೇಳಿದ ಸೋರಿಕೆಯೂ ಸುಳ್ಳಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ಮಯಲಿನ್ ಮೇಲೆ ಬೀಳುತ್ತದೆ. ಪೊರೆ ಕಳಚಿದ ಆ ಜಾಗದ ಗೋಡೆಯಲ್ಲಿ ಸೋಡಿಯಂ ಬಾಗಿಲುಗಳು ತೀರಾ ವಿರಳ. ಸಂಕೇತ ಸೋರುತ್ತದೆ, ತಡವಾಗುತ್ತದೆ, ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ. ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು ಆಗಲೇ.