ತೂತು ಅಂಟಾರ್ಕ್ಟಿಕಾದಲ್ಲಿ, ಬಿಲ್ ಕಲಬುರಗಿಯಲ್ಲಿ

ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: 'ಹಳೇ ಎ.ಸಿ.ಗೆ ಆರ್-22 ಗ್ಯಾಸ್ ತುಂಬಿಸಲು ಕೇಳಿದರೆ, ಅದು ಬಂದ್ ಆಗುತ್ತದೆ, ಹೊಸ ಎ.ಸಿ. ತಗೊಳ್ಳಿ ಅಂದರು. ಓಝೋನ್ ತೂತು ಬಿದ್ದದ್ದು ಅಂಟಾರ್ಕ್ಟಿಕಾದಲ್ಲಿ, ದಂಡ ನಮಗ್ಯಾಕೆ? ಈ ಒಪ್ಪಂದಗಳಿಂದ ನಮ್ಮ ಬಿಸಿಲೇನಾದರೂ ಕಡಿಮೆಯಾಯಿತಾ?'

ಇಲ್ಲ, ಆಗುವುದೂ ಇಲ್ಲ. ಆಕಾಶದ ಮೇಲಿನ ಓಝೋನ್ ಪದರ ತಡೆಯುವುದು ಸೂರ್ಯನ ಅತಿನೇರಳೆ ಕಿರಣವನ್ನು, ಮೇ ತಿಂಗಳ ಧಗೆಯನ್ನಲ್ಲ.

ದಂಡದ ಮಾತನ್ನು ನಿಮಗಿಂತ ಮೊದಲೇ ಭಾರತ ಎತ್ತಿತ್ತು. ಓಝೋನ್ ತಿನ್ನುವ ಗ್ಯಾಸುಗಳನ್ನು ನಿಲ್ಲಿಸುವ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ನಾವು ಕೂಡಲೇ ಸೇರಲಿಲ್ಲ. ಹಳೇ ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ ಎಂಬ ಗ್ಯಾಸ್ ಊದಿದವರು ಶ್ರೀಮಂತರು, ಬದಲಿ ಗ್ಯಾಸಿನ ಖರ್ಚು ನಮಗ್ಯಾಕೆ ಅಂತ ಪಟ್ಟು ಹಿಡಿದೆವು. 1990ರಲ್ಲಿ ಲಂಡನ್ ಸಭೆ ಬಡ ದೇಶಗಳಿಗಾಗಿ ನಿಧಿ ಮಾಡಲು ಒಪ್ಪಿತು. ನಾವು ಸೇರಿದ್ದು 1992ರಲ್ಲಿ. ಈಗ ಜಗತ್ತಿನ ಎಲ್ಲ ದೇಶಗಳೂ ಒಳಗಿವೆ. ಅಂಟಾರ್ಕ್ಟಿಕಾದ ತೂತು 2066ರ ಸುಮಾರಿಗೆ ಮುಚ್ಚಬಹುದು ಎನ್ನುತ್ತದೆ ವಿಜ್ಞಾನಿಗಳ ಲೆಕ್ಕ. ಇಷ್ಟರಮಟ್ಟಿಗೆ ಫಲ ಕೊಟ್ಟ ಬೇರೆ ಪರಿಸರ ಒಪ್ಪಂದ ನನಗಂತೂ ಕಾಣುವುದಿಲ್ಲ.

ಹಾಗಂತ ಹುಳುಕಿಲ್ಲ ಎಂದಲ್ಲ. ಸಿಎಫ್‌ಸಿ ಬಿಟ್ಟು ನಿಮ್ಮ ಆರ್-22ಕ್ಕೆ ಬಂದರು. ಅದೂ ಓಝೋನ್ ತಿನ್ನುತ್ತದೆ, ಸಿಎಫ್‌ಸಿಗಿಂತ ಬಹಳ ಕಡಿಮೆ ಅಷ್ಟೆ. ಆಮೇಲೆ ಬಂದ ಆರ್-410ಎ ಓಝೋನ್ ಮುಟ್ಟುವುದಿಲ್ಲ, ಆದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2000 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ. ಇಂಥ ಗ್ಯಾಸುಗಳ ಬಳಕೆ ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂರಬೇಕಾಯಿತು.

ನನ್ನ ದೊಡ್ಡ ತಕರಾರು ಬೇರೆ. ಒಪ್ಪಂದ ಲೆಕ್ಕ ಹಿಡಿಯುವುದು ಗ್ಯಾಸಿನ ತಯಾರಿಕೆ, ಆಮದು, ರಫ್ತನ್ನು. ಯಂತ್ರದೊಳಗೆ ಈಗಾಗಲೇ ಇರುವ ಗ್ಯಾಸ್ ಸೋರಿದರೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಚೇರಿಯ ಹಳೇ ಎ.ಸಿ. ಬಿಚ್ಚಲು ಬಂದ ಹುಡುಗ ಸ್ಪ್ಯಾನರ್ ಹಾಕಿ ಪೈಪಿನ ನಟ್ ಸಡಿಲಿಸಿದ. ಬುಸ್ಸೆಂದಿತು. ನಟ್ ಸುತ್ತ ಬಿಳಿ ಹಿಮ ಕಟ್ಟಿತು. ಎರಡು ನಿಮಿಷದಲ್ಲಿ ಗ್ಯಾಸೆಲ್ಲ ಗಾಳಿ ಪಾಲು. 'ಸಿಲಿಂಡರಿಗೆ ಎಳೆಯುವ ಮಷೀನ್ ಇಲ್ವಾ?' ಎಂದೆ. 'ಅದ ಸರ, ಅದರ ರೊಕ್ಕ ಯಾರ ಕೊಡ್ತಾರ?' ಎಂದ. ಅವನ ಪ್ರಶ್ನೆಯೂ ಲಂಡನ್‌ನಲ್ಲಿ ಕೇಳಿದ್ದೇ, ಅಲ್ವಾ?

ಇನ್ನು ನಿಮ್ಮ ಎ.ಸಿ. ಗಾಬರಿ ಬೇಡ. ನಮ್ಮಂಥ ದೇಶಗಳಲ್ಲಿ ಆರ್-22 ನಿಲ್ಲಿಸಲು ಗಡುವು 2030. ರಿಪೇರಿಗೆಂದು ಚೂರು ಗ್ಯಾಸಿಗೆ 2040ರವರೆಗೂ ಒಪ್ಪಂದ ಅವಕಾಶ ಕೊಟ್ಟಿದೆ. ನಿಮ್ಮ ಹಳೇ ಎ.ಸಿ.ಗೆ ಸುಮ್ನೆ ಬೇರೆ ಗ್ಯಾಸ್ ತುಂಬಿಸಬೇಡಿ. ಆರ್-32, ಪ್ರೊಪೇನ್ ಬೆಂಕಿ ಹತ್ತುವಂಥವು. ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ತುಂಬಿಸುವ ಮೊದಲು ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿಸಿ ನೋಡಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ.